ಗೇನ್ ತಿರುಗಿಸಿ ‘ಟ್ಯೂನಿಂಗ್’ ಅಂತ 500 ರೂಪಾಯಿ ಕೇಳೋರ ಹತ್ತಿರ ಹೋಗಬೇಡಿ

ಕಾರಿಗೆ ಆಂಪ್ (ಸೌಂಡ್ ಜಾಸ್ತಿ ಮಾಡೋ ಆಂಪ್ಲಿಫೈಯರ್), ಸಬ್‌ವೂಫರ್ (ಬಾಸ್‌ಗೆ ಅಂತಲೇ ಇರೋ ದೊಡ್ಡ ಸ್ಪೀಕರ್) ಹಾಕಿಸೋ ಯೋಚನೆ ಇದ್ದರೆ ಮೊದಲು ಇದನ್ನು ಓದಿ. ನನ್ನ ಸಬ್ ಹದಿನೆಂಟೇ ದಿನಕ್ಕೆ ಸುಟ್ಟುಹೋಯಿತು. ಕೈಯಾಡಿಸಿದ್ದು ಅಂಗಡಿಯವನು, ತಪ್ಪು ಮಾತ್ರ ನನ್ನದಂತೆ.

ಬೆಂಗಳೂರಿನ ಜೆ.ಸಿ. ರೋಡಿನ ಒಂದು ಅಂಗಡಿ. ಹೆಸರು ಹಾಕಲ್ಲ, ಜಗಳ ಬೇಡ. ಹಳೇ ಸ್ವಿಫ್ಟ್‌ಗೆ ಸ್ಟೀರಿಯೋ, ಆಂಪ್, 12 ಇಂಚಿನ ಸಬ್, ವೈರಿಂಗ್ ಎಲ್ಲಾ ಸೇರಿ 31,000 ಆಯಿತು. ಆಂಪ್‌ನ ಬಾಕ್ಸ್ ಮೇಲೆ 1,200 ವ್ಯಾಟ್ ಅಂತ ದಪ್ಪ ಅಕ್ಷರ. ಅದು ಬರೀ ಮ್ಯಾಕ್ಸ್. ನಿಜವಾಗಿ ಒಂದೇ ಸಮನೆ ಕೊಡೋ ಶಕ್ತಿ, ಅಂದರೆ ಆರ್‌ಎಂಎಸ್, 300 ಅಂತ ಒಳಗಿನ ಪುಸ್ತಕದಲ್ಲಿ ಸಣ್ಣದಾಗಿ ಇತ್ತು. ನಾನು ಅದನ್ನೂ ನೋಡಲಿಲ್ಲ. ಇರಲಿ.

ಬಾಸ್ ಸ್ವಲ್ಪ ಕಮ್ಮಿ ಅನ್ನಿಸಿತು, ಶನಿವಾರ ಮತ್ತೆ ಹೋದೆ. ಅಲ್ಲಿನ ಹುಡುಗ ಸೀಟಿನ ಕೆಳಗೆ ಕೈ ಹಾಕಿ ಚಿಕ್ಕ ಸ್ಕ್ರೂಡ್ರೈವರ್‌ನಲ್ಲಿ ಆಂಪ್‌ನ ಒಂದು ಗುಂಡಿ ತಿರುಗಿಸಿದ.

‘ಏನಪ್ಪಾ ಅದು?’

‘ಗೇನ್ ಸರ್. ಆಂಪ್‌ದು ವಾಲ್ಯೂಮ್ ಇದ್ದಂಗೆ.’

ಪೂರ್ತಿ ಬಲಕ್ಕೆ, ಇನ್ನು ತಿರುಗಲ್ಲ ಅನ್ನೋವರೆಗೆ. ಪಕ್ಕದ ಬಾಸ್ ಬೂಸ್ಟನ್ನೂ ಬಿಡಲಿಲ್ಲ. ಸ್ಟೀರಿಯೋ ವಾಲ್ಯೂಮ್ 40ರಲ್ಲಿ ಬರೀ 12ರಲ್ಲಿದೆ, ಹಿಂದಿನ ನಂಬರ್ ಪ್ಲೇಟ್ ಗಡಗಡ ಅನ್ನುತ್ತಿದೆ. ‘ನೋಡಿ ಸರ್, 12ಕ್ಕೇ ಹಿಂಗೆ. ಇನ್ನೂ 28 ಬಾಕಿ ಇದೆ!’ ಈ ಮಾತಿಗೇ ನಾನು ಬಿದ್ದಿದ್ದು. ಇನ್ನೂ 28 ಬಾಕಿ ಇದೆ. ಐದು ನಿಮಿಷದ ಕೆಲಸಕ್ಕೆ ಟ್ಯೂನಿಂಗ್ ಚಾರ್ಜ್ ಅಂತ 500 ತಗೊಂಡ, ನಾನು ಖುಷಿಯಲ್ಲಿ ಟೀಗೆ ಅಂತ ಮೇಲೆ 50 ಕೊಟ್ಟೆ. ಥೂ.

ಆಮೇಲೆ ತಿಪಟೂರಿಗೆ, ಹೆಂಡತಿ ಮನೆಗೆ ಹೊರಟಿದ್ದೆವು. ವಾಲ್ಯೂಮ್ 18. ಗುಬ್ಬಿ ದಾಟಿದ ಮೇಲೆ ಸುಟ್ಟ ವಾಸನೆ. ಬ್ರೇಕ್ ಇರಬೇಕು ಅಂತ ಗಾಡಿ ನಿಲ್ಲಿಸಿ ನಾಲ್ಕೂ ಚಕ್ರದ ಹತ್ತಿರ ಬಗ್ಗಿ ಮೂಸಿ ನೋಡಿದೆ. ಡಿಕ್ಕಿ ತೆಗೆದಾಗ ಗೊತ್ತಾಯಿತು. ಸಬ್‌ನ ಕೋನ್ (ಮುಂದೆ ಅದುರೋ ಭಾಗ) ಮೆಲ್ಲಗೆ ಒತ್ತಿದರೆ ಒಳಗಿನ ತಂತಿ ಸುರುಳಿ, ಅಂದರೆ ಕಾಯಿಲ್, ಕರಕರ ಅಂತ ಉಜ್ಜುತ್ತಿತ್ತು. ಭಾವಮೈದನಿಗೆ ಬಾಸ್ ಕೇಳಿಸಬೇಕು ಅಂತ ಹೊರಟವನು ನಾನು, ಕೇಳಿಸಿದ್ದು ಈ ಕರಕರ.

ಅಂಗಡಿ ಹುಡುಗನಿಗೆ ಫೋನ್ ಮಾಡಿದೆ.

‘ವಾಲ್ಯೂಮ್ ಎಷ್ಟಿಟ್ಟಿದ್ರಿ ಸರ್?’

‘18.’

‘ಅಯ್ಯೋ, ಜಾಸ್ತಿ ಆಯ್ತಲ್ಲ ಸರ್.’

28 ಬಾಕಿ ಇದೆ ಅಂದವನೇ ಇವನು! ವಾರಂಟಿ ಕೇಳಿದರೆ ‘ಕಾಯಿಲ್ ಸುಟ್ಟರೆ ಬರಲ್ಲ ಸರ್’. ಓನರ್‌ಗೆ ಕೊಡಪ್ಪಾ ಅಂದರೆ ‘ಊಟಕ್ಕೆ ಹೋಗಿದ್ದಾರೆ’. ಸಂಜೆ ಆರಕ್ಕೂ ಊಟ. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದೆ, ಬಂದಿದ್ದು ಒಂದು ಹೆಬ್ಬೆರಳು. ಮೂರನೇ ದಿನ ಓನರ್ ಸಿಕ್ಕಿದ: ‘ಜಾಸ್ತಿ ಸೌಂಡ್ ಬೇಕು ಅಂತ ಕೇಳಿದ್ದು ನೀವೇ ಅಲ್ವಾ ಸರ್?’ ಹೌದು, ಕೇಳಿದ್ದೆ. ಅದಕ್ಕೇ ಜಾಸ್ತಿ ಉರಿಯುತ್ತೆ.

ನಿಜ ಹೇಳಿದವರು ತಿಪಟೂರಿನ ಮೈಕ್‌ಸೆಟ್‌ನವರು, ಮಾವನ ಪರಿಚಯ. ಆಂಪ್ ನೋಡಿ ನಕ್ಕೇಬಿಟ್ಟರು. ‘ಗೇನ್ ಅಂದ್ರೆ ವಾಲ್ಯೂಮ್ ಅಲ್ಲ ಸ್ವಾಮಿ. ಸ್ಟೀರಿಯೋ ಎಷ್ಟು ವೋಲ್ಟ್ ಕಳಿಸುತ್ತೆ ಅಂತ ಆಂಪ್‌ಗೆ ತಿಳಿಸೋದು.’ ನನ್ನ ಸ್ಟೀರಿಯೋ 4 ವೋಲ್ಟ್ ಕೊಡೋದು. ಗೇನ್ ಪೂರ್ತಿ ತಿರುಗಿಸಿದರೆ 0.2 ವೋಲ್ಟ್‌ಗೇ ಆಂಪ್ ತನ್ನ ಪೂರ್ತಿ ಶಕ್ತಿ ಹಾಕಿಬಿಡುತ್ತೆ. ಅಂದರೆ 12ಕ್ಕೇ ಎಲ್ಲಾ ಮುಗಿದಿತ್ತು, ಬಾಕಿ 28 ಅನ್ನೋದು ಇರಲೇ ಇಲ್ಲ! ಅಲ್ಲಿಂದ ಮೇಲೆ ಸಿಗ್ನಲ್‌ನ ತಲೆ ಕತ್ತರಿಸಿಹೋಗುತ್ತೆ, ಕ್ಲಿಪ್ಪಿಂಗ್ ಅನ್ನೋದು ಅದನ್ನೇ. ಕಾಯಿಲ್ ಕಾದು ಕಾದು ಸುಡುತ್ತೆ. ಎಂಜಿನ್ ರೇಸ್ ಮಾಡಿದಾಗ ಸ್ಪೀಕರ್‌ನಲ್ಲಿ ಕುಂಯ್ ಅಂತಲೂ ಬರುತ್ತಿತ್ತು, ಅದು ಜಾಸ್ತಿ ಆಗಿದ್ದೂ ಈ ಗೇನ್‌ನಿಂದಲೇ.

ಅವರು ಸಬ್ ವೈರ್ ಬಿಚ್ಚಿ, ಬಾಸ್ ಬೂಸ್ಟ್ ಸೊನ್ನೆ ಮಾಡಿ, ಸ್ಟೀರಿಯೋ ವಾಲ್ಯೂಮ್ 30ರಲ್ಲಿಟ್ಟು 50 ಹರ್ಟ್ಸ್ ಟೋನ್ (ಒಂದೇ ಸಮನೆ ಬರೋ ಬಾಸ್ ಶಬ್ದ) ಹಾಕಿ, ಆಂಪ್‌ನಿಂದ ಬರೋ ವೋಲ್ಟ್ ಅಳೆಯೋಕೆ ಮಲ್ಟಿಮೀಟರ್ ಹಿಡಿದರು. ಆಂಪ್‌ನ 300 ವ್ಯಾಟ್, ಸಬ್‌ನ ತಡೆ (ರೆಸಿಸ್ಟೆನ್ಸ್) 4 ಓಮ್. ಗುಣಿಸಿದರೆ 1,200, ಅದರ ವರ್ಗಮೂಲ ಸುಮಾರು 34.6. ಮೀಟರ್ ಅಷ್ಟು ವೋಲ್ಟ್ ತೋರಿಸಿದಾಗ ಗೇನ್ ನಿಲ್ಲಿಸಿದರು. ಗುಂಡಿ ಅರ್ಧಕ್ಕೂ ಬಂದಿರಲಿಲ್ಲ. ದುಡ್ಡೂ ತಗೊಳ್ಳಲಿಲ್ಲ.

ಮೀಟರ್ ಇಲ್ಲದೆ ಯಾರಾದರೂ ಸ್ಕ್ರೂಡ್ರೈವರ್ ಹಿಡಿದು ಬಂದರೆ ಕೈ ಹಿಡಿದು ನಿಲ್ಲಿಸಿ. 12ಕ್ಕೇ ಗಡಗಡ ಅಂದರೆ ಖುಷಿಪಡಬೇಡಿ, ಭಯಪಡಿ.

ಸುಟ್ಟ ಸಬ್ ಇನ್ನೂ ಡಿಕ್ಕಿಯಲ್ಲೇ ಬಿದ್ದಿದೆ. ಬೆಂಗಳೂರಲ್ಲಿ ಕಾಯಿಲ್ ಹೊಸದಾಗಿ ಹಾಕಿಕೊಡೋ ನಂಬಿಕಸ್ಥರು ಯಾರಾದರೂ ಗೊತ್ತಿದ್ದರೆ ತಿಳಿಸಿ. ಜೆ.ಸಿ. ರೋಡ್ ಬಿಟ್ಟು.