ಕ್ಯಾಲ್ ಕಿಟ್ ಚೆನ್ನಾಗಿದೆ ಅಂತ ಅದೇ ಕಿಟ್ಟಿನಿಂದ ತೋರಿಸಿದರೆ ನಂಬಬೇಡಿ

ವಿಎನ್‌ಎಗೆ (ಆಂಟೆನಾ, ಕೇಬಲ್‌ಗಳಿಂದ ಸಿಗ್ನಲ್ ಎಷ್ಟು ವಾಪಸ್ ಬರುತ್ತದೆ ಎಂದು ಅಳೆಯುವ ಮೆಷಿನ್) ಕಡಿಮೆ ಬೆಲೆಯ ಕ್ಯಾಲಿಬ್ರೇಶನ್ ಕಿಟ್, ಅಂದರೆ ಅಳೆಯುವ ಮುಂಚೆ ಮೆಷಿನ್ ಸರಿಹೊಂದಿಸಲು ಬಳಸುವ ತುಂಡುಗಳು, ತಗೊಳ್ಳುವವರು ಇದನ್ನು ಪೂರ್ತಿ ಓದಿ. ಎರಡು ವಾರದಿಂದ ಬರೆಯಬೇಕು ಅಂದುಕೊಂಡು ನಾಚಿಕೆಯಾಗಿ ಬಿಟ್ಟಿದ್ದೆ. ನಿನ್ನೆ ಆ ಅಂಗಡಿಯವರ ಕೊನೆಯ ಉತ್ತರ ಬಂದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ.

ಬೆಂಗಳೂರಿನ ಎಸ್‌ಪಿ ರೋಡಿನ ಹತ್ತಿರದ ಒಂದು ಅಂಗಡಿ. ಹೆಸರು ಹಾಕುವುದಿಲ್ಲ. ಎಸ್‌ಎಂಎ (ತಿರುಗಿಸಿ ಕೂರಿಸುವ ಸಣ್ಣ ಕನೆಕ್ಟರ್) ಕಿಟ್, ಓಪನ್ (ತುದಿ ಖಾಲಿ), ಶಾರ್ಟ್ (ತುದಿ ಜೋಡಿಸಿದ್ದು), ಲೋಡ್ (50 ಓಮ್ ಇರಬೇಕಾದದ್ದು), ಥ್ರೂ (ಎರಡು ಕೇಬಲ್ ಸೇರಿಸುವುದು), ಚೆಂದದ ಕಪ್ಪು ಡಬ್ಬಿ. ಬೆಲೆ 6,500. ಡಬ್ಬಿಯ ಮೇಲೆ "6 ಗಿಗಾಹರ್ಟ್ಸ್ ವರೆಗೆ, ರಿಟರ್ನ್ ಲಾಸ್ 40 ಡಿಬಿ" ಎಂದು ಇತ್ತು. ರಿಟರ್ನ್ ಲಾಸ್ ಅಂದರೆ ವಾಪಸ್ ಬರುವ ಸಿಗ್ನಲ್ ಎಷ್ಟು ಕಡಿಮೆ ಎಂಬ ಲೆಕ್ಕ, ಈ ಡಿಬಿ ಹೆಚ್ಚಿದ್ದಷ್ಟೂ ಒಳ್ಳೆಯದು. ದೊಡ್ಡ ಕಂಪನಿಗಳ ಕಿಟ್ ಲಕ್ಷಗಳ ಲೆಕ್ಕದಲ್ಲಿ ಇರುತ್ತದೆ, ನಮ್ಮಂಥವರ ಕೈಗೆ ಸಿಗುವುದಿಲ್ಲ. ಅದಕ್ಕೇ ಆಸೆಯಾಯಿತು.

ಅಲ್ಲೇ ಕೌಂಟರ್ ಮೇಲೆ ನ್ಯಾನೋ ವಿಎನ್‌ಎ ಇಟ್ಟು ತೋರಿಸಿದರು. ಓಪನ್ ಹಾಕಿದರು, ಶಾರ್ಟ್ ಹಾಕಿದರು, ಲೋಡ್ ಹಾಕಿ ಕ್ಯಾಲಿಬ್ರೇಶನ್ ಮುಗಿಸಿದರು. ಆಮೇಲೆ ಅದೇ ಲೋಡನ್ನು ಮತ್ತೆ ತಿರುಗಿಸಿ ಹಾಕಿ, "ನೋಡಿ ಸಾರ್, 60 ಡಿಬಿ! ನಾವು ಬರೆದಿರೋದೇ 40, ಬರ್ತಾ ಇರೋದು 60" ಅಂದರು. ಸ್ಮಿತ್ ಚಾರ್ಟ್ ಎಂಬ ದುಂಡನೆಯ ನಕ್ಷೆಯ ಸರಿಯಾಗಿ ನಡುವೆ, ಅಂದರೆ 50 ಓಮ್ ಇರುವ ಜಾಗದಲ್ಲಿ, ಒಂದು ಚುಕ್ಕಿ. ನಾನು ತಲೆಯಾಡಿಸಿ ದುಡ್ಡು ಕೊಟ್ಟು ಬಂದೆ.

ಇದು ಗೊತ್ತಿರುವವರಿಗೆ ಈಗಲೇ ಸಿಟ್ಟು ಬಂದಿರುತ್ತದೆ. ಕ್ಯಾಲಿಬ್ರೇಶನ್ ಅಂದರೇನು? "ಈಗ ಹಾಕಿರುವ ಈ ಲೋಡೇ 50 ಓಮ್" ಎಂದು ನಾವು ಮೆಷಿನ್‌ಗೆ ಹೇಳಿಕೊಡುವುದು. ಮೆಷಿನ್ ಅದನ್ನು ನಂಬುತ್ತದೆ. ಮತ್ತೆ ಅದೇ ಲೋಡ್ ಹಾಕಿದರೆ ಅದು ನಡುವೆ ಬಾರದೆ ಇನ್ನೆಲ್ಲಿ ಬರಬೇಕು? ಅಲ್ಲಿ ಲೋಡಿನ ಬದಲು ತುಕ್ಕು ಹಿಡಿದ ಮೊಳೆ ಸಿಕ್ಕಿಸಿದ್ದರೂ ಅದೂ ನಡುವೆಯೇ ಕೂರುತ್ತಿತ್ತು. ಆ 60 ಡಿಬಿ ಲೋಡಿನ ಗುಣ ಅಲ್ಲ. ಎರಡು ಸಲ ತಿರುಗಿಸಿದಾಗ ಎಷ್ಟು ಒಂದೇ ಥರ ಬಂತು ಅನ್ನುವುದಷ್ಟೇ ಅದು. ನನಗೆ ಇದು ಗೊತ್ತಿತ್ತು. ಪುಸ್ತಕದಲ್ಲಿ ಓದಿದ್ದೆ, ಹುಡುಗರಿಗೆ ಹೇಳಿಕೊಟ್ಟಿದ್ದೆ. ಆದರೂ ಕೌಂಟರ್ ಮುಂದೆ ನಿಂತಾಗ ಹೊಳೆಯಲಿಲ್ಲ.

ಮನೆಗೆ ಬಂದು ಮಲ್ಟಿಮೀಟರ್ ಹಿಡಿದೆ. 50.1 ಓಮ್. ಖುಷಿಯಾಯಿತು. ಎರಡು ತಿಂಗಳು 145 ಮೆಗಾಹರ್ಟ್ಸ್ ಆಂಟೆನಾಗಳಿಗೆ ಬಳಸಿದೆ, ಯಾವ ತೊಂದರೆಯೂ ಇಲ್ಲ. ಆಮೇಲೆ 2.4 ಗಿಗಾಹರ್ಟ್ಸ್ ಕೆಲಸ ಬಂತು. ಹಾಲಿನ ಡೇರಿಗಳಲ್ಲಿ ತಾಪಮಾನ ನೋಡುವ ಬ್ಲೂಟೂತ್ ಬೋರ್ಡ್, ಅದರ ಆಂಟೆನಾ ಮ್ಯಾಚಿಂಗ್, ಅಂದರೆ ಸಣ್ಣ ಪಾರ್ಟ್‌ಗಳನ್ನು ಹಾಕಿ ಅದನ್ನು 50 ಓಮ್‌ಗೆ ಹೊಂದಿಸುವುದು, ಮಾಡಿಕೊಡಬೇಕಿತ್ತು.

ಇಲ್ಲೇ ನನಗೆ ಜಾಸ್ತಿ ನೋವಾಗುವುದು. ಕೆಲಸ ಶುರು ಮಾಡುವಾಗ, ಹೊಸ ಕಿಟ್‌ನಿಂದ ಕ್ಯಾಲಿಬ್ರೇಟ್ ಮಾಡಿ, ಹಳೆಯ ವಿಎನ್‌ಎ ಜೊತೆ ಬಂದಿದ್ದ ಸಣ್ಣ ಲೋಡ್ ಒಂದನ್ನು ಸುಮ್ನೆ ಹಾಕಿ ನೋಡಿದೆ. 2.44 ಗಿಗಾಹರ್ಟ್ಸ್‌ನಲ್ಲಿ ಬರೀ 11 ಡಿಬಿ ತೋರಿಸಿತು. "ಫ್ರೀ ಬಂದಿದ್ದು ತಾನೇ, ಇಷ್ಟೇ ಇದರ ಯೋಗ್ಯತೆ" ಅಂದುಕೊಂಡು ಡ್ರಾಯರ್‌ಗೆ ಹಾಕಿದೆ. ಸರಿಯಾಗಿದ್ದದ್ದು ಅದು. ಹೊಸ ಕಿಟ್ ಸುಳ್ಳು ಹೇಳುತ್ತಿದೆ ಅಂತ ಕೂಗಿ ಹೇಳುತ್ತಿದ್ದದ್ದೇ ಆ ಲೋಡ್. ನಾನು ದುಡ್ಡು ಕೊಟ್ಟಿದ್ದನ್ನು ನಂಬಿದೆ, ನಿಜ ಹೇಳಿದ್ದನ್ನು ಎತ್ತಿಟ್ಟೆ.

ಮ್ಯಾಚಿಂಗ್ ಮಾಡಿ, 30 ಡಿಬಿ ತಂದು, ಪಾರ್ಟ್‌ಗಳ ವ್ಯಾಲ್ಯೂಗಳನ್ನು ಬರೆದುಕೊಟ್ಟೆ. ಅವರು 300 ಬೋರ್ಡ್ ಮಾಡಿಸಿದರು. ಲ್ಯಾಬಿಗೆ ಹೋದಾಗ ಮಧ್ಯದಲ್ಲಿ 11 ಡಿಬಿ, ಬ್ಯಾಂಡಿನ ತುದಿಗಳಲ್ಲಿ 7. ಬೇಕಿದ್ದದ್ದು ಇಡೀ ಬ್ಯಾಂಡಿಗೆ ಕನಿಷ್ಠ 10. ಗಿರಾಕಿ ಪಕ್ಕದಲ್ಲೇ ನಿಂತಿದ್ದರು. "ನಿಮ್ಮ ರಿಪೋರ್ಟಲ್ಲಿ 30 ಅಂತ ಇದೆಯಲ್ಲಾ?" ಎಂದು ಕೇಳಿದರು. ಉತ್ತರ ಕೊಡೋಕೆ ಆಗಲಿಲ್ಲ.

ಲ್ಯಾಬಿನಲ್ಲಿ ಕೆಲಸ ಮಾಡುವ ಗೆಳೆಯರು ಒಳ್ಳೆಯವರು. ಅವರ ಕಿಟ್‌ನಿಂದ ಕ್ಯಾಲಿಬ್ರೇಟ್ ಮಾಡಿ ನನ್ನ ಲೋಡ್ ಅಳೆದರು. 100 ಮೆಗಾಹರ್ಟ್ಸ್‌ನಲ್ಲಿ 38 ಡಿಬಿ. 2.44 ಗಿಗಾಹರ್ಟ್ಸ್‌ನಲ್ಲಿ 11. ಡ್ರಾಯರ್‌ನಲ್ಲಿದ್ದ ಸಣ್ಣ ಲೋಡ್ ಅದೇ ಜಾಗದಲ್ಲಿ 30ರ ಮೇಲೆ.

ಹಿಂದಿನ ಮುಚ್ಚಳ ಕೆರೆದು ತೆಗೆದೆವು. ಒಳಗೆ ತಂತಿ ಕಾಲುಗಳಿರುವ ಸಾಮಾನ್ಯ 0.25 ವ್ಯಾಟ್ ರೆಸಿಸ್ಟರ್! ಕಾಲುಗಳನ್ನೂ ಗಿಡ್ಡ ಮಾಡಿರಲಿಲ್ಲ. ಅಂಥ ಕಾಲುಗಳಿಗೆ 2 ನ್ಯಾನೋಹೆನ್ರಿ ಆಸುಪಾಸು ಇಂಡಕ್ಟೆನ್ಸ್ (ಫ್ರೀಕ್ವೆನ್ಸಿ ಏರಿದಂತೆ ಅಡ್ಡಿ ಹೆಚ್ಚಿಸುವ ಗುಣ) ಇದ್ದರೆ ಸಾಕು. 100 ಮೆಗಾಹರ್ಟ್ಸ್‌ನಲ್ಲಿ ಅದು ಒಂದೂಕಾಲು ಓಮ್, ಗೊತ್ತೇ ಆಗುವುದಿಲ್ಲ. 2.44 ಗಿಗಾಹರ್ಟ್ಸ್‌ನಲ್ಲಿ 30 ಓಮ್ ಆಗುತ್ತದೆ. ಮಲ್ಟಿಮೀಟರ್ ಅಳೆಯುವುದು ಡಿಸಿಯಲ್ಲಿ, ಅದಕ್ಕೆ ಇದು ಕಾಣುವುದೇ ಇಲ್ಲ. ಅಂದರೆ ನಾನು ಆ ಆಂಟೆನಾವನ್ನು 50 ಓಮ್‌ಗೆ ಹೊಂದಿಸಿರಲಿಲ್ಲ, ಈ ರೆಸಿಸ್ಟರ್‌ಗೆ ಹೊಂದಿಸಿದ್ದೆ.

ಇನ್ನು ಅಂಗಡಿಯವರ ಉತ್ತರಗಳು. ಮೊದಲು, "ಸಾರ್, ನೀವು ಟೈಟ್ ಮಾಡಿರೋದು ಸರಿ ಇಲ್ಲ." ಹದವಾಗಿ ಬಿಗಿ ಮಾಡುವ ಟಾರ್ಕ್ ವ್ರೆಂಚನ್ನೇ ಬಳಸಿದ್ದೆ, ಫೋಟೋ ಕಳಿಸಿದೆ. ಆಮೇಲೆ, "ನಿಮ್ಮ ಮೆಷಿನ್ ಚೀಪ್ ಸಾರ್." ಲ್ಯಾಬಿನ ದೊಡ್ಡ ಮೆಷಿನ್‌ನ ರಿಪೋರ್ಟ್ ಕಳಿಸಿದೆ. ಆಗ, "ಎಷ್ಟೋ ಜನ ತಗೊಂಡಿದ್ದಾರೆ, ಯಾರೂ ಕಂಪ್ಲೇಂಟ್ ಮಾಡಿಲ್ಲ." ಮಾಡೋದು ಹೇಗೆ? ಅವರ ಸ್ಕ್ರೀನ್ ಮೇಲೂ 60 ಡಿಬಿ ಅಂತಾನೇ ಬರ್ತಾ ಇರುತ್ತದೆ!

ಓಪನ್‌ನ ಕೆಪ್ಯಾಸಿಟೆನ್ಸ್ ಎಷ್ಟು, ಆಫ್‌ಸೆಟ್ ಡಿಲೇ (ಸಿಗ್ನಲ್ ಅದರ ತುದಿ ಮುಟ್ಟಲು ಹಿಡಿಯುವ ಸಮಯ) ಎಷ್ಟು ಎಂದು ಕೇಳಿದೆ. ಇವನ್ನು ಮೆಷಿನ್‌ಗೆ ಹೇಳಬೇಕಾಗುತ್ತದೆ. "ಐಡಿಯಲ್ ಸಾರ್, ಎಲ್ಲಾ ಝೀರೋ ಹಾಕಿ" ಅಂದರು. ಐಡಿಯಲ್ ಓಪನ್ ಅನ್ನುವುದು ಜಗತ್ತಿನಲ್ಲೇ ಇಲ್ಲ. ಕೀಸೈಟ್‌ನ 85033ಇ ಕಿಟ್ ನೋಡಿ, ಅದರ ಓಪನ್‌ಗೆ ಸುಮಾರು 49 ಫೆಮ್ಟೋಫ್ಯಾರಡ್ ಕೆಪ್ಯಾಸಿಟೆನ್ಸ್, ಸುಮಾರು 29 ಪಿಕೋಸೆಕೆಂಡ್ ಡಿಲೇ ಎಂದು ಅವರೇ ಬರೆದು ಕೊಟ್ಟಿದ್ದಾರೆ. ಅಷ್ಟು ದುಬಾರಿ ಕಿಟ್‌ಗೇ ಸೊನ್ನೆ ಅಲ್ಲ, ಇವರದ್ದು ಸೊನ್ನೆ ಅಂತೆ. ನನ್ನ ಕಿಟ್ಟಿನಲ್ಲಿ ಓಪನ್‌ಗೂ ಶಾರ್ಟ್‌ಗೂ ಆಳದಲ್ಲಿ 3 ಮಿಲಿಮೀಟರ್ ವ್ಯತ್ಯಾಸ ಕಣ್ಣಿಗೇ ಕಾಣುತ್ತಿತ್ತು. ಅಂದರೆ ಸಿಗ್ನಲ್‌ಗೆ 10 ಪಿಕೋಸೆಕೆಂಡ್ ದಾರಿ. ಹೋಗಿ ಬರುವ ಲೆಕ್ಕ ಹಾಕಿದರೆ 2.44 ಗಿಗಾಹರ್ಟ್ಸ್‌ನಲ್ಲಿ 17 ಡಿಗ್ರಿಗಿಂತ ಜಾಸ್ತಿ ಫೇಸ್ (ಅಲೆಯ ಹಂತ) ತಪ್ಪು.

ನಿನ್ನೆಯ ಉತ್ತರ ಇದು: "ನೀವು ಲೋಡ್ ಬಿಚ್ಚಿದ್ದೀರಿ, ವಾಪಸ್ ತಗೊಳ್ಳೋಕೆ ಆಗಲ್ಲ." ಜೊತೆಗೆ ಒಂದು ವಿಡಿಯೋ. ಹೊಸ ಕಿಟ್ ತೆಗೆದು, ಕ್ಯಾಲಿಬ್ರೇಟ್ ಮಾಡಿ, ಅದೇ ಲೋಡ್ ಹಾಕಿ, ಮತ್ತೆ ಅದೇ 60 ಡಿಬಿ. ನೋಡಿ ಕೈ ನಡುಗಿತು.

ದಯವಿಟ್ಟು ಹೀಗೆ ಮಾಡಿ. ಕಿಟ್ ತಗೊಳ್ಳುವಾಗ ಬೇರೆ ಕಡೆಯಿಂದ ಬಂದ ಇನ್ನೊಂದು ಲೋಡ್ ಜೊತೆಯಲ್ಲಿ ಒಯ್ಯಿರಿ. ಅವರ ಕಿಟ್‌ನಿಂದ ಕ್ಯಾಲಿಬ್ರೇಟ್ ಮಾಡಿ ನಿಮ್ಮ ಲೋಡ್ ಅಳೆಯಿರಿ. ಎರಡೂ ಒಪ್ಪದಿದ್ದರೆ ಯಾವುದೋ ಒಂದು ಸುಳ್ಳು, ಯಾವುದು ಅಂತ ಗೊತ್ತಾಗುವವರೆಗೆ ದುಡ್ಡು ಬಿಚ್ಚಬೇಡಿ. ಒಳ್ಳೆಯ 10 ಡಿಬಿ ಅಟೆನುಯೇಟರ್ (ಸಿಗ್ನಲ್ ತಗ್ಗಿಸುವ ತುಂಡು) ಇದ್ದರೆ ಅದರ ಇನ್ನೊಂದು ತುದಿಯನ್ನು ಖಾಲಿ ಬಿಟ್ಟು ನೋಡಿ, ಹೋಗುವಾಗ 10, ಬರುವಾಗ 10, ಒಟ್ಟು 20 ಡಿಬಿ ಹತ್ತಿರ ಬರಬೇಕು. ಶಾರ್ಟ್ ಹಾಕಿದರೂ 20. ನಿಮಗೆ ಬೇಕಾದ ಫ್ರೀಕ್ವೆನ್ಸಿಯಲ್ಲೇ ನೋಡಿ, 100 ಮೆಗಾಹರ್ಟ್ಸ್‌ನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಡಿಲೇ, ಕೆಪ್ಯಾಸಿಟೆನ್ಸ್ ಕೇಳಿದಾಗ "ಝೀರೋ ಹಾಕಿ" ಅನ್ನುವವರ ಹತ್ತಿರ ಗಿಗಾಹರ್ಟ್ಸ್ ಕೆಲಸಕ್ಕೆ ಏನೂ ತಗೊಳ್ಳಬೇಡಿ.

ಅಗ್ಗದ ಕಿಟ್ ಎಲ್ಲವೂ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ನನ್ನ ಡ್ರಾಯರ್‌ನ ಲೋಡ್ ಕೂಡ ಅಗ್ಗದ್ದೇ.

300 ಬೋರ್ಡ್‌ಗಳಲ್ಲಿ ಮೂರು ಮೂರು ಪಾರ್ಟ್ ಬದಲಾಯಿಸಬೇಕು. 0402 ಎಂಬ ತೀರಾ ಪುಟ್ಟ ಸೈಜ್, ಮೈಕ್ರೋಸ್ಕೋಪ್ ಕೆಳಗೆ, ಕೈಯಲ್ಲೇ. ಇವತ್ತಿಗೆ 140 ಮುಗಿದಿದೆ. ನಿಮ್ಮ ಹತ್ತಿರವೂ ಅದೇ ಕಪ್ಪು ಡಬ್ಬಿ, 6 ಗಿಗಾಹರ್ಟ್ಸ್ ಅಂತ ಬರೆದದ್ದು ಇದ್ದರೆ, ಬೇರೆ ಲೋಡ್ ಹಾಕಿ 2.44ರಲ್ಲಿ ಎಷ್ಟು ಬರುತ್ತದೆ ಎಂದು ನೋಡಿ ಇಲ್ಲಿ ತಿಳಿಸಿ.