ಹಳೆ ರೆಕಾರ್ಡು ಕೇಳಲು ಯಾವುದು ಮೇಲು: ಗ್ರಾಮಫೋನೋ, ಸಿ.ಡಿ.ಯೋ, ಪೆನ್ ಡ್ರೈವೋ?

ನನ್ನ ಓಟು ಪೆನ್ ಡ್ರೈವಿಗೆ. ಅದರಲ್ಲೂ ರೆಕಾರ್ಡ್ ಸಂಗ್ರಹ ಮಾಡುವವರು ತಟ್ಟೆಯಿಂದ ನೇರ ಇಳಿಸಿ, ಗೊರಗೊರ ತೆಗೆಯದೆ ಹಾಗೇ ಬಿಟ್ಟಿರುವ ಫೈಲುಗಳಿಗೆ. ಇಷ್ಟು ಖಚಿತವಾಗಿ ಹೇಳಲು ಕಾರಣ, ಆಸೆಪಟ್ಟು ತರಿಸಿದ ಒಂದು ದುಬಾರಿ ಸಿ.ಡಿ. ಸೆಟ್ಟು. ‘ಗದ್ದಲ ತೆಗೆದದ್ದು’ ಅಂತ ಡಬ್ಬದ ಮೇಲೆ ದೊಡ್ಡದಾಗಿ ಬರೆದಿತ್ತು.

ತೆಗೆದದ್ದೇನೋ ನಿಜ. ಆ ಕಾಲದ ಗಾಯಕಿ ಗೌಹರ್ ಜಾನ್ ಹಾಡು ಮುಗಿಯಿತು. ಕಿವಿಗೊಟ್ಟು ಕಾದೆ. ಏನೂ ಬರಲಿಲ್ಲ, ಮುಂದಿನ ಹಾಡು ಶುರುವಾಯಿತು. 1902ರಲ್ಲಿ ಅವರು ಕಲ್ಕತ್ತೆಯಲ್ಲಿ ಕೊಳವೆಯೊಳಗೆ ಹಾಡಿದಾಗ, ಅದು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಚ್ಚಾಗಬೇಕಿತ್ತು. ಯಾರ ಹಾಡು ಅಂತ ಅಲ್ಲಿನವರಿಗೆ ತಿಳಿಯಲಿ ಎಂದು ಕೊನೆಗೆ ‘ಮೈ ನೇಮ್ ಈಸ್ ಗೌಹರ್ ಜಾನ್’ ಅನ್ನುತ್ತಿದ್ದರು. ಮೂರೇ ನಿಮಿಷದಲ್ಲಿ ರಾಗ ಮುಗಿಸಿ, ಏದುಸಿರಿನ ನಡುವೆಯೂ ಎಂಥ ಗತ್ತು! ಆ ಮಾತನ್ನೇ ಕತ್ತರಿಸಿದ್ದಾರೆ. 1930ರಲ್ಲಿ ನಮ್ಮ ಪಕ್ಕದ ಮೈಸೂರಿನಲ್ಲೇ ತೀರಿಕೊಂಡವರು ಅವರು. ನಮಗೆ ಉಳಿದಿರುವ ಅವರ ಮಾತು ಅಂದರೆ ಇಷ್ಟೇ ತಾನೆ?

ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಹಾಡು, ‘ಪಿಯಾ ಬಿನ್’, ಇನ್ನೂ ಬೇಜಾರು. ಅವರ ದನಿ ಸಣ್ಣಗಾಗುತ್ತಾ ಹೋಗಿ ಸ್ವರದಲ್ಲಿ ಕರಗಬೇಕು. ಗೊರಗೊರ ಉಜ್ಜಿದವರು ಆ ಸಣ್ಣ ದನಿಯನ್ನೂ ಸೇರಿಸಿ ಉಜ್ಜಿದ್ದಾರೆ. ಸ್ವರ ಮುಗಿಯುವ ಮೊದಲೇ ಬಾಗಿಲು ಹಾಕಿಕೊಂಡ ಹಾಗಾಗುತ್ತದೆ. ಹಿಂದಿನ ಶ್ರುತಿ ಒಮ್ಮೆ ಇರುತ್ತದೆ, ಒಮ್ಮೆ ಇಲ್ಲ. ಒಮ್ಮೆ ಇದು ಕಿವಿಗೆ ಬಿತ್ತೋ, ಆಮೇಲೆ ಹಾಡು ಕೇಳಿಸುವುದೇ ಇಲ್ಲ, ಇದೇ ಕೇಳಿಸುತ್ತದೆ. ಸೆಟ್ಟಿನ ಜೊತೆ ಬಂದ ಪುಸ್ತಕ ಮಾತ್ರ ಚೆನ್ನಾಗಿದೆ.

ಗ್ರಾಮಫೋನು ವಿರಾಜಪೇಟೆ ಹತ್ತಿರ ಭಾವನ ತೋಟದ ಮನೆಯಲ್ಲಿದೆ. ದನಿ ಎದೆಗೇ ಬರುತ್ತದೆ. ಆಷಾಢದ ಮಳೆಗೆ ಕರೆಂಟ್ ಹೋದರೂ ಕೀಲಿ ಕೊಟ್ಟರೆ ಹಾಡುತ್ತದೆ. ಆದರೆ ಅದೇ ಮಳೆ ರೆಕಾರ್ಡಿಗೆ ಶತ್ರು. ಕವರೆಲ್ಲ ಬೂಷ್ಟು, ಗೀರುಗಳ ಒಳಗೂ ಬಿಳಿ ಬಿಳಿ. ಸ್ಪಿರಿಟ್ ಹಚ್ಚಿ ಒರೆಸಬೇಡಿ, ಅರಗಿನ ತಟ್ಟೆ ಕರಗುತ್ತದೆ. ಪ್ರತಿ ಬದಿಗೂ ಮುಳ್ಳು ಬದಲಿಸಬೇಕು. ಭಾವನಿಗೆ ತಾಳ್ಮೆ ಇದೆ, ನನಗಿಲ್ಲ.

ಆಮೇಲೆ ಬಂದ ಎಲ್‌ಪಿ ರೆಕಾರ್ಡಿನ ಪ್ಲೇಯರಿನ ಮುಳ್ಳಿನಲ್ಲಿ 78ರ ತಟ್ಟೆ, ಅಂದರೆ ನಿಮಿಷಕ್ಕೆ 78 ಸುತ್ತಿನ ಈ ಹಳೆ ತಟ್ಟೆ, ಹಾಕುವ ಯೋಚನೆ ಬಿಡಿ. ಆ ಗೀರಿಗೆ ಅದು ತೀರಾ ಸಣ್ಣದು.

ಪೆನ್ ಡ್ರೈವಿಗೂ ಒಂದು ತಕರಾರಿದೆ. ಆ ಕಾಲದ ತಟ್ಟೆಗಳೆಲ್ಲ ನಿಮಿಷಕ್ಕೆ ಸರಿಯಾಗಿ 78 ಸುತ್ತಿಗೆ ಮಾಡಿದವಲ್ಲ. ಇಳಿಸಿದವರು ವೇಗ ನೋಡಿಕೊಳ್ಳದಿದ್ದರೆ ದನಿ ಕೀರಲಾಗುತ್ತದೆ. ಅಂಥದ್ದನ್ನು ಮಗಳ ಲ್ಯಾಪ್‌ಟಾಪಿನಲ್ಲಿ ಸ್ವಲ್ಪ ನಿಧಾನ ಮಾಡಿ ಹಾಕಿಕೊಳ್ಳುತ್ತೇನೆ. ಖರ್ಚು ಪೆನ್ ಡ್ರೈವಿನದ್ದು ಮಾತ್ರ. ನಮ್ಮ ದೇಶದಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷಕ್ಕೆ ಮುಗಿಯುವುದರಿಂದ ಕದ್ದದ್ದು ಅನ್ನುವ ಅಳುಕೂ ಇಲ್ಲ.

ಸುಮ್ನೆ ಕೂತು ಕೇಳುವವರು ಗ್ರಾಮಫೋನಿಗೇ ಹೋಗಿ, ದುಡ್ಡಿದ್ದರೆ. ನಾನು ಕೇಳುವುದು ಜಾಸ್ತಿ ಕಣದಲ್ಲಿ, ಕಾಫಿ ಒಣಗಲು ಹರಡುವಾಗ, ಇಲ್ಲಾ ಮಡಿಕೇರಿಗೆ ಹೋಗುವ ಕಾರಿನಲ್ಲಿ. ತಿರುವು ದಾರಿಯಲ್ಲಿ ಮುಳ್ಳು ನಿಲ್ಲುತ್ತದಾ ಹೇಳಿ?