ಚಿಕ್ಕಪೇಟೆಯ ಸಣ್ಣ ಚಿನ್ನದಂಗಡಿ, ತೂಕದಲ್ಲಿ ನಿಯತ್ತು

ಮಗಳ ಮದುವೆಗೆ ಓಲೆ ಬೇಕಿತ್ತು. ಮೊದಲು ಹೋದ ದೊಡ್ಡ ಅಂಗಡಿಯಲ್ಲಿ ಕೆಂಪು ಕಲ್ಲಿನ ತೂಕಕ್ಕೂ ಚಿನ್ನದ ರೇಟೇ ಹಾಕಿದರು. ಕೇಳಿದರೆ, "ಎಲ್ಲರೂ ಹೀಗೇ ಮಾಡೋದು" ಅಂದರು. ಎದ್ದು ಬಂದೆವು.

ತುಮಕೂರು ಚಿಕ್ಕಪೇಟೆಯ ಈ ಅಂಗಡಿಯಲ್ಲಿ ಮಾಲೀಕರು ಮೊದಲು ತೋರಿಸಿದ್ದು ಖಾಲಿ ತಕ್ಕಡಿಯ ಸೊನ್ನೆಯನ್ನು. "ನೋಡ್ಕೊಳ್ಳಿ ಅಮ್ಮಾ" ಅಂದರು. ಓಲೆ 9.200 ಗ್ರಾಂ ಬಂತು. ಕಲ್ಲಿನ 1.100 ಗ್ರಾಂ ಕಳೆದು, ಉಳಿದ 8.100 ಗ್ರಾಂಗೆ ಮಾತ್ರ ಚಿನ್ನದ ರೇಟು. ಕಲ್ಲಿನ ಬೆಲೆ, ಮಜೂರಿ, 3% ಜಿಎಸ್‌ಟಿ ಎಲ್ಲವೂ ಬಿಲ್ಲಿನಲ್ಲಿ ಬೇರೆ ಬೇರೆ. ಆಮೇಲೆ ಭೂತಗನ್ನಡಿ ಕೊಟ್ಟು ಓಲೆಯ ಹಿಂದೆ ಕೊರೆದಿದ್ದ 916 ಗುರುತು (ಅಂದರೆ 22 ಕ್ಯಾರೆಟ್ ಚಿನ್ನ), ಪ್ರತಿ ಒಡವೆಗೂ ಬೇರೆಯಾಗಿರುವ 6 ಅಕ್ಷರ-ಅಂಕಿಗಳ ಗುರುತಿನ ನಂಬರ್ ಎಚ್‌ಯುಐಡಿ ತೋರಿಸಿದರು. ಸರ್ಕಾರದ ಗುಣಮಟ್ಟ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರನ್ನು ನನ್ನ ಕೈಯಲ್ಲೇ ಚೆಕ್ ಮಾಡಿಸಿದರು. 2023ರ ಏಪ್ರಿಲ್ 1ರಿಂದ ಅಂಗಡಿಯಲ್ಲಿ ಮಾರುವ ಹಾಲ್‌ಮಾರ್ಕ್ (ಶುದ್ಧತೆಯ ಮುದ್ರೆ) ಒಡವೆಗೆ ಈ ನಂಬರ್ ಇರಲೇಬೇಕು. ನೀವೂ ಕೇಳಿ, ಸಂಕೋಚ ಬೇಡ.

ನಮ್ಮಜ್ಜಿ ಇಂಥವರನ್ನು ನ್ಯಾಯಸ್ಥರು ಅನ್ನುತ್ತಿದ್ದರು. ಕಲ್ಲನ್ನು ಚಿನ್ನವೆಂದು ತೂಗುವವರಿಗೆ ಅವರ ಬಾಯಲ್ಲಿದ್ದ ಮಾತು ಒಂದೇ, ನೀತಿಗೆಟ್ಟವರು. ಆ ಎರಡು ಮಾತಿನ ನಡುವಿನ ದೂರ ನನಗೆ ಆವತ್ತು ಕಣ್ಣಿಗೇ ಕಾಣಿಸಿತು.

ಡಿಸೈನ್ ಜಾಸ್ತಿ ಇಲ್ಲ, ಗಾಡಿ ನಿಲ್ಲಿಸೋಕೆ ಜಾಗವೂ ಕಷ್ಟ. ಆದರೂ ಮುಂದಿನ ತಿಂಗಳು ಬಳೆಗೂ ಇಲ್ಲಿಗೇ ಹೋಗುತ್ತೇವೆ.